ಸುಮ್ನೆ ಊಟ ಮಾಡಿದ್ರೆ ಆಗ್ತಿರ್ಲಿಲ್ವಾ?

ನನಗೆ ಅನೊರೆಕ್ಸಿಯಾ, ಅಂದರೆ ದಪ್ಪ ಆಗ್ತೀನಿ ಅನ್ನುವ ಭಯದಲ್ಲಿ ಊಟ ಬಿಡುವ ಮಾನಸಿಕ ಕಾಯಿಲೆ, ಆಗಿತ್ತು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದೊಂದೇ. "ಮನೆಯಲ್ಲಿ ಊಟಕ್ಕೇನು ಕಡಿಮೆ ಇತ್ತಾ? ಸುಮ್ನೆ ಊಟ ಮಾಡಿದ್ರೆ ಆಗ್ತಿರ್ಲಿಲ್ವಾ?" ಕೆಲವರು ಈಗ ತಮ್ಮ ಮಗಳ ಬಗ್ಗೆ ಇದೇ ಮಾತು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಊಟಕ್ಕೆ ಏನೂ ಕಡಿಮೆ ಇರಲಿಲ್ಲ. ಆಗ ನಾನು ಮೊದಲ ಪಿಯುಸಿ. ಅಕ್ಕನ ಮದುವೆಗೆ ಹೊಲಿಸಿದ ಬ್ಲೌಸ್ ಬಿಗಿಯಾಯಿತು. ನೆಂಟರೊಬ್ಬರು ಎಲ್ಲರೆದುರೇ "ಏನೇ ಹಿಂಗೆ ಊದ್ಕೊಂಡಿದ್ದೀಯ" ಅಂದರು. ಅವತ್ತಿನಿಂದ ರಾತ್ರಿ ಊಟ ಬಿಟ್ಟೆ. ಎರಡು ತಿಂಗಳಾದ ಮೇಲೆ ಅವರೇ "ಎಷ್ಟು ಸಣ್ಣ ಆಗಿದ್ದೀಯ, ಏನೇ ಮಾಡ್ದೆ?" ಅಂತ ಬೆನ್ನು ತಟ್ಟಿದರು.

ಆಮೇಲೆ ನಿಲ್ಲಿಸಬೇಕು ಅಂದುಕೊಂಡರೂ ಆಗಲಿಲ್ಲ. ಒಂದು ಇಡ್ಲಿಯನ್ನು ಹದಿನಾರು ಚೂರು ಮಾಡಿ ಮುಕ್ಕಾಲು ಗಂಟೆ ತಿನ್ನುತ್ತಿದ್ದೆ. ಲೆಕ್ಕ ತಪ್ಪಿದರೆ ಕೈ ನಡುಗುತ್ತಿತ್ತು. ದಿನವಿಡೀ ಮೊಬೈಲಿನಲ್ಲಿ ಅಡುಗೆ ವಿಡಿಯೋ. ಮನೆಯವರಿಗೆಲ್ಲ ಹೋಳಿಗೆ ತಟ್ಟಿ ಬಡಿಸುತ್ತಿದ್ದೆ, ನಾನು ಚೂರೂ ಬಾಯಿಗಿಡುತ್ತಿರಲಿಲ್ಲ. ಮುಟ್ಟು ನಿಂತಿತು. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಬೇಕಿತ್ತು. ಕನ್ನಡಿಯಲ್ಲಿ ಮಾತ್ರ ದಪ್ಪ ಹುಡುಗಿಯೇ ಕಾಣುತ್ತಿದ್ದಳು.

ಇಂಥದ್ದೆಲ್ಲ ನನಗೊಬ್ಬಳಿಗೇ ಆಗಿದ್ದು ಅಂದುಕೊಂಡಿದ್ದೆ. ವರ್ಷಗಳಾದ ಮೇಲೆ ಮಿನ್ನೆಸೋಟದ ಪ್ರಯೋಗದ ಬಗ್ಗೆ ಓದಿ ಅತ್ತುಬಿಟ್ಟೆ. ಯುದ್ಧದಲ್ಲಿ ಉಪವಾಸ ಬಿದ್ದ ಜನರನ್ನು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆ ಅಂತ ತಿಳಿಯಲು, 1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಸೇರಿಸಿಕೊಂಡರು. ಎಲ್ಲರೂ ಗಟ್ಟಿಮುಟ್ಟಾದವರು, ತಾವಾಗಿಯೇ ಒಪ್ಪಿ ಬಂದವರು. ಅವರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು. ಆ ಗಂಡಸರು ಅಡುಗೆ ಪುಸ್ತಕ ಓದತೊಡಗಿದರು. ಸ್ವಲ್ಪ ಊಟವನ್ನೇ ಗಂಟೆಗಟ್ಟಲೆ ಎಳೆದರು. ಸದಾ ಚಳಿ, ಸಿಡುಕು, ಯಾರ ಜೊತೆಗೂ ಮಾತು ಬೇಡ. ಅವರಲ್ಲಿ ಯಾರಿಗೂ ಸಣ್ಣ ಆಗುವ ಆಸೆ ಇರಲಿಲ್ಲ! ಬರೀ ಹಸಿವೇ ಅವರ ತಲೆಯನ್ನು ಹಾಗೆ ಮಾಡಿತ್ತು.

ಅದಕ್ಕೇ "ಸುಮ್ನೆ ಊಟ ಮಾಡು" ಅಂದರೆ ಕೆಲಸ ಆಗುವುದಿಲ್ಲ. ಊಟ ಮಾಡು ಅಂತ ಹೇಳಬೇಕಾದ ತಲೆಯೇ ಹಸಿವಿನಿಂದ ಕೆಟ್ಟಿರುತ್ತದೆ. ಜೊತೆಗೆ ಹೆದರಿಕೆ.

ಇನ್ನೊಂದು ವಿಷಯ ಕೈಮುಗಿದು ಹೇಳುತ್ತೇನೆ. ತುಂಬ ದಿನ ಊಟ ಬಿಟ್ಟವರಿಗೆ ಒಮ್ಮೆಲೇ ಹೊಟ್ಟೆ ತುಂಬ ತಿನ್ನಿಸಬೇಡಿ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಸರ್ರನೆ ಇಳಿದು ಹೃದಯಕ್ಕೇ ತೊಂದರೆಯಾಗಬಹುದು. ಮೊದಲು ಡಾಕ್ಟರು ರಕ್ತ, ನಾಡಿ, ಇಸಿಜಿ ನೋಡಲಿ. ತಲೆ ಸುತ್ತಿ ಬಿದ್ದರೆ ಒಂದು ದಿನವೂ ಕಾಯಬೇಡಿ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನನ್ನ ವಿಷಯದಲ್ಲಿ ಡಾಕ್ಟರು ಅಮ್ಮನಿಗೆ ಒಂದು ಕೆಲಸ ವಹಿಸಿದರು. ಏನು, ಎಷ್ಟು ತಿನ್ನಬೇಕು ಅಂತ ಅಮ್ಮನೇ ತೀರ್ಮಾನಿಸುವುದು, ತಿಂದು ಮುಗಿಸುವವರೆಗೂ ಪಕ್ಕದಲ್ಲೇ ಕೂರುವುದು. ಅಮ್ಮ ಬೈಯಲಿಲ್ಲ, ದೇವರ ಮೇಲೆ ಆಣೆ ಹಾಕಿಸಲಿಲ್ಲ. ತನ್ನ ತಟ್ಟೆಯನ್ನೂ ತಂದು ಕೂತು ಪಕ್ಕದ ಮನೆಯ ಸುದ್ದಿ ಹೇಳುತ್ತಿದ್ದಳು. ನಾನು ಅತ್ತರೆ ಕಾಯುತ್ತಿದ್ದಳು. ಇಡ್ಲಿ ಆರಿದರೆ ಎದ್ದು ಹೋಗಿ ಬಿಸಿಯದು ತರುತ್ತಿದ್ದಳು.

ಹದಿನಾರು ಚೂರು ನಾಲ್ಕಾಗಲು ಎಂಟು ತಿಂಗಳು ಹಿಡಿಯಿತು.