ಸೀಳು ಉದ್ದಕ್ಕಿತ್ತು

ಖಾಲಿ ತೋಟಾ ಹೊರಗೆ ಬರಲಿಲ್ಲ. ಶುರುವಾಗಿದ್ದು ಅಲ್ಲಿಂದ. ನಳಿಗೆ ಮಡಚಿದರೆ ಎಕ್ಸ್‌ಟ್ರಾಕ್ಟರ್, ಅಂದರೆ ತೋಟಾವನ್ನು ಹೊರಗೆಳೆಯುವ ಕೊಕ್ಕೆ, ಅದನ್ನು ಕೂದಲೆಳೆಯಷ್ಟು ಎತ್ತಿ ನಿಂತುಬಿಡುತ್ತಿತ್ತು. ಮಿಕ್ಕಿದ್ದು ನನ್ನ ಉಗುರಿನ ಪಾಲು. ಐದನೇ ಗುಂಡಿನ ಹೊತ್ತಿಗೆ ಉಗುರೂ ಸೋತು, ನಳಿಗೆಯ ಮೂತಿಯಿಂದ ಕ್ಲೀನಿಂಗ್ ರಾಡ್ ತೂರಿಸಿ ತಳ್ಳಬೇಕಾಯಿತು.

ರೈಫಲ್ಲು ಒಂಟಿ ಗುಂಡಿನದು, ಮಡಚುವ ನಳಿಗೆಯದು, .22 ಹಾರ್ನೆಟ್ ಅನ್ನುವ ತೋಟಾ ಹಾಕುವಂಥದ್ದು. ನನ್ನ ಕೈಗೆ ಬರುವ ಮೊದಲು ಎಷ್ಟು ಕೈ ದಾಟಿತ್ತೋ. ಕೊಳ್ಳುವಾಗ ನೋಡಬೇಕಾದ್ದನ್ನೆಲ್ಲ ನೋಡಿದ್ದೇನೆ ಅಂತ ಬೀಗಿದ್ದೆ. ನಳಿಗೆ ಅಲ್ಲಾಡುತ್ತಿರಲಿಲ್ಲ, ಬೀಗ ಬಿಗಿಯಾಗಿತ್ತು, ಟಾರ್ಚ್ ಬಿಟ್ಟರೆ ತೋಟಾ ಕೂರುವ ಚೇಂಬರ್ ಫಳಫಳ ಹೊಳೆಯುತ್ತಿತ್ತು. ಆ ಹೊಳಪಿಗೇ ಅನುಮಾನ ಬರಬೇಕಿತ್ತು. ಅಷ್ಟು ಹಳೆಯ ನಳಿಗೆ ಉಳಿದೆಡೆ ಮಬ್ಬಾಗಿ, ಚೇಂಬರ್ ಒಂದೇ ಮಿರಿಮಿರಿ ಅಂತಿದೆ ಅಂದರೆ ಯಾರೋ ಅಲ್ಲಿ ಕೈಯಾಡಿಸಿದ್ದಾರೆ.

ಮೊದಲು ಬೈದದ್ದು ತೋಟಾಗಳನ್ನು. ಬೇರೆ ಕಂಪನಿಯ ಹೊಸ ಪೊಟ್ಟಣ ತಂದೆ, ಅದೇ ಪಾಡು. ಆಮೇಲೆ ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬಂದೂಕಿನಲ್ಲಿ ತೋಟಾಕ್ಕೆ ಹಿಂದೆ ಮುಂದೆ ಇರುವ ಜಾಗದ ಮೇಲೆ ಗುಮಾನಿ ಬಂತು. ಹಾರ್ನೆಟ್ ಬುಡದಲ್ಲಿ ರಿಮ್, ಅಂದರೆ ಹೊರಚಾಚಿದ ಅಂಚು ಇರುವ ತೋಟಾ, ಆ ರಿಮ್ಮೇ ಅದನ್ನು ಚೇಂಬರಿನಲ್ಲಿ ತಡೆದು ನಿಲ್ಲಿಸುವುದು. ರಿಮ್ಮಿನ ದಪ್ಪ ಹೆಚ್ಚೆಂದರೆ 1.65 ಮಿ.ಮೀ. ಮದ್ದೂ, ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರೂ ಇಲ್ಲದ ಡಮ್ಮಿ ತೋಟಾದ ಬುಡಕ್ಕೆ ಸೆಲ್ಲೋಟೇಪ್ ಅಂಟಿಸಿ ನಳಿಗೆ ಮುಚ್ಚಿ ನೋಡಿದೆ. ನನ್ನ ಟೇಪು 0.05 ಮಿ.ಮೀ. ದಪ್ಪ. ಒಂದು ಪದರ ಹಾಕಿದರೆ ಮುಚ್ಚಿತು, ಎರಡು ಹಾಕಿದರೆ ಮುಚ್ಚಲಿಲ್ಲ. ಅಂದರೆ ಹಿಂದೆ ಮುಂದೆ ಜಾಗ ಸರಿಯಾಗಿದೆ. ಸಿಡಿದ ಕೇಸಿನಲ್ಲಿ, ಅಂದರೆ ತೋಟಾದ ಹಿತ್ತಾಳೆಯ ಕವಚದಲ್ಲಿ, ಪ್ರೈಮರ್ ಹಿಂದಕ್ಕೆ ಎದ್ದಿರಲಿಲ್ಲ. ತುದಿ ಬಾಗಿಸಿದ ತಂತಿ ಒಳಗೆ ಬಿಟ್ಟು ಗೋಡೆ ಸವರಿದರೂ ಉಂಗುರದಂಥ ತಗ್ಗು ಸಿಗಲಿಲ್ಲ. ಬಂದೂಕು ಸರಿಯಿದೆ ಅಂತ ಘೋಷಿಸಿ, ಅವೇ ಕೇಸುಗಳನ್ನು ಪೂರ್ತಿ ರೀಸೈಜ್ ಮಾಡಿ, ಅಂದರೆ ಒತ್ತಿ ಮೊದಲಿನ ಅಳತೆಗೆ ತಂದು, ಮತ್ತೆ ತುಂಬಿದೆ.

ಎರಡನೇ ಸಲ ತುಂಬಿದ್ದರಲ್ಲಿ ಒಂದು ಸೀಳಿತು. ಬುಡದಿಂದ ಸ್ವಲ್ಪ ಮೇಲೆ ಶುರುವಾಗಿ ಉದ್ದಕ್ಕೆ ಒಂದು ಸೆಂಟಿಮೀಟರ್, ಬದಿಯಲ್ಲಿ ಮಸಿ. ಕನ್ನಡಕ ಹಾಕಿದ್ದೆ, ಏನೂ ಆಗಲಿಲ್ಲ. ಆದರೆ ಮೊದಲ ದಿನ ರಾಡ್ ತೂರಿಸಿದಾಗಲೇ ನಿಲ್ಲಿಸಬೇಕಾದವನು ಇಲ್ಲಿಯತನಕ ಎಳೆದದ್ದು ನನ್ನ ದಡ್ಡತನ.

ನನಗೊಬ್ಬ ಗೆಳೆಯ ಇದ್ದಾನೆ, ಟೂಲ್ ರೂಮಿನಲ್ಲೇ ತಲೆ ಬೆಳ್ಳಗಾದವನು. ಕೇಸನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ಸೀಳು ಉದ್ದಕ್ಕಿದೆ ಕಣೋ. ಅಡ್ಡಕ್ಕೆ ಹರಿದಿದ್ರೆ ನಿನ್ನ ಹೆಡ್‌ಸ್ಪೇಸ್ ಪುರಾಣ ಕೇಳ್ತಿದ್ದೆ."

"ಅಳತೆ ಸರಿಯಾಗಿದೆ ಮಾರಾಯ, ನಾನೇ ನೋಡ್ದೆ."

"ತೋಳಿನ ಉದ್ದ ಅಳೆದು ಅಂಗಿ ಮೈಗೆ ಸರಿಯಾಯ್ತು ಅಂತೀಯಲ್ಲ!"

ನನಗೆ ಹೊಳೆಯದಿದ್ದದ್ದು ಅದೇ. ಹೆಡ್‌ಸ್ಪೇಸ್ ಗೇಜ್ ಹೇಳುವುದು ತೋಟಾಕ್ಕೆ ಹಿಂದೆ ಮುಂದೆ ಎಷ್ಟು ಜಾಗ ಇದೆ ಅಂತ ಮಾತ್ರ. ಸುತ್ತ ಎಷ್ಟಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಹಿಂದೆ ಮುಂದೆ ಜಾಗ ಹೆಚ್ಚಾದರೆ ಹಿತ್ತಾಳೆ ಉದ್ದಕ್ಕೆ ಎಳೆದುಕೊಂಡು ಅಡ್ಡಕ್ಕೆ ಹರಿಯುತ್ತದೆ. ಸುತ್ತ ಹೆಚ್ಚಾದರೆ ಉಬ್ಬಿ ಉದ್ದಕ್ಕೆ ಬಿರಿಯುತ್ತದೆ. ಹಳೆಯ, ಗಡಸಾದ ಹಿತ್ತಾಳೆಯೂ ಉದ್ದಕ್ಕೇ ಸೀಳುವುದರಿಂದ ಸೀಳನ್ನೊಂದೇ ನಂಬುವ ಹಾಗಿಲ್ಲ. ಇನ್ನು ಅಳೆಯಲೇಬೇಕಿತ್ತು.

ರಿಮ್ಮಿನ ಮೇಲಿನ ಗಟ್ಟಿ ಬುಡ ದಾಟಿದ ಕೂಡಲೇ ಕ್ಯಾಲಿಪರ್ ಇಟ್ಟೆ. ಸಿಡಿಸದ ತೋಟಾ 7.49 ಮಿ.ಮೀ. ಅದೇ ಪೊಟ್ಟಣದ ತೋಟಾ ಗೆಳೆಯನ ಹಾರ್ನೆಟ್‌ನಲ್ಲಿ ಸಿಡಿದದ್ದು 7.58. ನನ್ನದರಲ್ಲಿ ಸಿಡಿದದ್ದು 7.83. ಕೇಸನ್ನು ತಿರುಗಿಸಿ ಇನ್ನೊಂದು ಕಡೆಯಿಂದ ಹಿಡಿದರೆ 7.72. ದೊಡ್ಡದಷ್ಟೇ ಅಲ್ಲ, ಗುಂಡಗೂ ಇಲ್ಲ.

ಇದು ಕೇಸಿನ ಗೋಡೆ ಒಂದು ಕಡೆ ತೆಳುವಾಗಿರುವುದರಿಂದಲೋ ಚೇಂಬರಿನಿಂದಲೋ? ನಾಲ್ಕು ಹೊಸ ತೋಟಾಗಳ ಬುಡಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಗೆರೆಯನ್ನು ಒಂದರಲ್ಲಿ ಮೇಲೆ, ಒಂದರಲ್ಲಿ ಬಲಕ್ಕೆ, ಒಂದರಲ್ಲಿ ಕೆಳಗೆ, ಇನ್ನೊಂದರಲ್ಲಿ ಎಡಕ್ಕೆ ಇಟ್ಟು, ಈ ಸಲ ಬಂದೂಕನ್ನು ಸ್ಟ್ಯಾಂಡಿಗೆ ಕಟ್ಟಿ, ಟ್ರಿಗರಿಗೆ ದಾರ ಹಾಕಿ ದೂರದಿಂದ ಹಾರಿಸಿದೆವು. ಗೆರೆ ಎಲ್ಲಿದ್ದರೂ ಹೊಟ್ಟೆ ಬಂದದ್ದು ಗಡಿಯಾರದ ನಾಲ್ಕು ಗಂಟೆಯ ದಿಕ್ಕಿಗೇ. ತೋಟಾಗಳ ಕ್ಷಮೆ ಕೇಳಿದೆ.

ಭೂತಗನ್ನಡಿಯಲ್ಲಿ ನೋಡಿದರೆ ಆ ಹೊಟ್ಟೆಯ ಮೇಲೆ ಸುತ್ತಲೂ ಸಣ್ಣ ಸಣ್ಣ ಬಳೆ ತೊಡಿಸಿದ ಹಾಗೆ ಗೀರುಗಳು. ಚೇಂಬರಿನ ಗೀರುಗಳು ಹಿತ್ತಾಳೆಗೆ ಅಚ್ಚಾಗಿದ್ದವು. ಎಮರಿ ಬಟ್ಟೆಯನ್ನು ಕಡ್ಡಿಗೆ ಸುತ್ತಿ, ಡ್ರಿಲ್ಲಿಗೆ ಕಟ್ಟಿ, ಹಿಂದಿನಿಂದ ಕೈಯಲ್ಲೇ ಹಿಡಿದು ತಿರುಗಿಸಿದರೆ ಬೀಳುವ ಗುರುತು ಇದು. ಹಿಂದೆ ಯಾವಾಗಲೋ ತೋಟಾ ಕಚ್ಚಿಕೊಂಡಿರಬೇಕು, ಪಾಲಿಶ್ ಮಾಡಿದರೆ ಬಿಡುತ್ತದೆ ಅಂದುಕೊಂಡಿರಬೇಕು. ಅಡ್ಡಗೀರುಗಳಿಗೆ ಹಿತ್ತಾಳೆ ಇನ್ನಷ್ಟು ಕಚ್ಚಿಕೊಂಡಿತು. ಆ ಪುಣ್ಯಾತ್ಮ ಇನ್ನೂ ಒಂದು ಸುತ್ತು ಉಜ್ಜಿರಬೇಕು.

ಇನ್ನೊಂದು ಸಾಧ್ಯತೆಯನ್ನೂ ಕಳೆಯಬೇಕಿತ್ತು. ಹಾರ್ನೆಟ್ ಕೇಸು 1885ರ ಕರಿಮದ್ದಿನ .22 ಡಬ್ಲ್ಯೂಸಿಎಫ್ ಅನ್ನುವ ತೋಟಾದಿಂದ ಬಂದದ್ದು, ಹಾಗಾಗಿ ಗೋಡೆ ತೆಳು, ಕೇಸು ಕುತ್ತಿಗೆಗೆ ಕಿರಿದಾಗುವ ಭುಜ ಇಳಿಜಾರು. ಲೈಲ್ ಕಿಲ್‌ಬರ್ನ್ 1940ರಲ್ಲಿ ಆ ಭುಜವನ್ನು ಚೂಪು ಮಾಡಿ ಕೆ-ಹಾರ್ನೆಟ್ ಅನ್ನುವ ತೋಟಾ ಕಟ್ಟಿದ. ಬಹಳಷ್ಟು ಹಳೆಯ ನಳಿಗೆಗಳನ್ನು ಅದಕ್ಕೆ ಕೊರೆಸಿದ್ದಾರೆ, ಎಷ್ಟೋ ಸಲ ಮೇಲಿನ ಅಕ್ಷರ ಬದಲಾಯಿಸಿರುವುದಿಲ್ಲ. ಅಂಥದ್ದರಲ್ಲಿ ಸಿಡಿದ ಕೇಸು ಭುಜ ಎತ್ತಿಕೊಂಡು ಹೊರಬರುತ್ತದೆ, ಅದು ರೋಗವಲ್ಲ. ನನ್ನದರಲ್ಲಿ ಭುಜ ಇದ್ದ ಹಾಗೇ ಇಳಿಜಾರು, ಊದಿದ್ದು ಬುಡ.

ಕೊನೆಗೆ ಅಚ್ಚು ತೆಗೆದೆವು. ಸೆರೋಸೇಫ್ ಅಂತ ಬಿಸ್ಮತ್ತಿನ ಮಿಶ್ರಲೋಹ ಇದೆ, 70ರಿಂದ 88 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಕರಗುತ್ತದೆ, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಸಾಕು. ಅದರಲ್ಲಿ ಸೀಸವೂ ಕ್ಯಾಡ್ಮಿಯಮ್ಮೂ ಇರುವುದರಿಂದ ಡಬ್ಬಿಯಾಗಲಿ ಪಾತ್ರೆಯಾಗಲಿ ಅಡುಗೆಮನೆಯದ್ದಾಗಬಾರದು, ಕಿಟಕಿ ತೆರೆದಿರಬೇಕು. ನಳಿಗೆ ಬಿಚ್ಚಿ, ಚೇಂಬರ್ ಒರೆಸಿ, ಮುಂದೆ ಬಟ್ಟೆಯ ಬಿರಡೆ ತುರುಕಿ ಸುರಿದೆವು. ಮೊದಲ ಅರ್ಧ ಗಂಟೆ ಅದು ಕುಗ್ಗುತ್ತದೆ, ಹೊರಗೆ ತಳ್ಳುವುದು ಆಗಲೇ. ಆಮೇಲೆ ಹಿಗ್ಗುತ್ತ ಹೋಗಿ, ಸುರಿದ ಒಂದು ಗಂಟೆಗೆ ಸರಿಯಾಗಿ ಚೇಂಬರಿನ ಅಳತೆಗೆ ಬರುತ್ತದೆ. ಗಡಿಯಾರ ನೋಡಿಕೊಂಡು ಅಳೆದೆ: ಬಾಯಿಯ ಹತ್ತಿರ ದಪ್ಪದ ಕಡೆ 7.86, ಅಲ್ಲಿಂದ ಮುಂದೆ ಇಳಿಯುತ್ತ ಹೋಗಿ ಭುಜದ ಹತ್ತಿರ ಎಲ್ಲ ಸರಿ. ತುತ್ತೂರಿಯ ಬಾಯಿ.

ರೀಸೈಜ್ ಮಾಡಿದ್ದು ಯಾಕೆ ಮುಳುವಾಯಿತು ಅನ್ನುವುದೂ ಆಗ ತಿಳಿಯಿತು. ಪ್ರತಿ ಸಲ 7.83ನ್ನು ಒತ್ತಿ 7.5ಕ್ಕೆ ತರುತ್ತಿದ್ದೆ, ಚೇಂಬರ್ ಮತ್ತೆ ಊದುತ್ತಿತ್ತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದ ಹಾಗೆ. ಗುಂಡು ಕೂರುವ ಕುತ್ತಿಗೆ ಮಾತ್ರ ಸೈಜ್ ಮಾಡಿ ಅನ್ನುವವರಿದ್ದಾರೆ. ಚೇಂಬರ್ ಗುಂಡಗಿದ್ದರೆ ಆ ಮಾತಿಗೆ ಅರ್ಥವಿದೆ. ಮೊಟ್ಟೆಯಾಕಾರದ್ದರಲ್ಲಿ ಪ್ರತಿ ಕೇಸನ್ನೂ ಅದೇ ದಿಕ್ಕಿಗೆ ತಿರುಗಿಸಿ ಕೂರಿಸಬೇಕು. ಅಲ್ಲದೆ ಆಧಾರ ಇಲ್ಲದಿರುವುದು ಬುಡದ ಹತ್ತಿರ, ಅಲ್ಲಿ ಒಡೆದರೆ ಗಾಳಿ ನುಗ್ಗುವುದು ಮುಖದ ಕಡೆಗೆ. ನಾನು ಒಪ್ಪಲಿಲ್ಲ.

ಬೋಲ್ಟಿನ ರೈಫಲ್ಲಾಗಿದ್ದರೆ ನಳಿಗೆಯ ಹಿಂಬದಿ ಕತ್ತರಿಸಿ, ನಳಿಗೆಯನ್ನು ಹಿಂದಕ್ಕೆ ಸರಿಸಿ ಹೊಸದಾಗಿ ಚೇಂಬರ್ ಕೊರೆಯಬಹುದಿತ್ತು. ಇದರಲ್ಲಿ ನಳಿಗೆಯ ಅಡಿಯ ಕೊಕ್ಕೆ ಅಲ್ಲಾಡುವಂತಿಲ್ಲ, ಆ ದಾರಿ ಮುಚ್ಚಿತು. .218 ಬೀ ಅನ್ನುವ ಇನ್ನೊಂದು ತೋಟಾಕ್ಕೆ ಕೊರೆಸು ಅಂತ ಒಬ್ಬರು ಅಂದರು. ಅದರ ಬುಡ ದಪ್ಪ, ಈ ತುತ್ತೂರಿ ಪೂರ್ತಿ ತಿಂದುಹೋಗುತ್ತದೆ ನಿಜ. ಆದರೆ ಅಷ್ಟೇ ಹೆಚ್ಚಿನ ಒದೆತ ಈ ಹಳೆಯ ಬೀಗದ ಮೇಲೆ ಬೀಳುತ್ತದೆ. ಬಂದೂಕು ರಿಪೇರಿಯವರು ನಳಿಗೆಯೊಳಗೆ ಉಕ್ಕಿನ ಲೈನರ್, ಅಂದರೆ ಒಳಕೊಳವೆ, ಕೂರಿಸಿ ಚೇಂಬರನ್ನು ಹೊಸದಾಗಿ ಕೊರೆಯಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಟ್ರಿಗರಿಗೆ 'ಹಾರಿಸಬೇಡಿ' ಅಂತ ಚೀಟಿ ಕಟ್ಟಿಟ್ಟಿದ್ದೇನೆ.

ಹತ್ತು ದಿನ ಬಿಟ್ಟು ಗೆಳೆಯ ಬಂದವನು ಮೇಜಿನ ಮೇಲಿದ್ದ ಅಚ್ಚನ್ನು ತಾನೇ ಅಳೆದ. "7.88 ಇದೆಯಲ್ಲೋ, 86 ಅಂತ ಬರ್ದಿದೀಯ, ಕ್ಯಾಲಿಪರ್ ಹಿಡಿಯೋಕೂ ಬರಲ್ವಾ ನಿಂಗೆ?" ಅಂದ. ಒಂದು ಗಂಟೆ ದಾಟಿದ ಮೇಲೂ ಆ ಲೋಹ ಶೇಕಡಾ 0.25ರಷ್ಟು ಬೆಳೆಯುತ್ತದೆ ಅಂತ ಡಬ್ಬಿಯ ಜೊತೆ ಬಂದ ಚೀಟಿ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದ. ಆಮೇಲೆ ಕ್ಯಾಲಿಪರನ್ನು ಪೆಟ್ಟಿಗೆಗೆ ಹಾಕಿ, ಟೀ ಇದೆಯಾ ಅಂತ ಕೇಳಿದ.