ಕೊನೇ ಪಾಳಿಯ ಮುಖಪುಟ

ಇವತ್ತು ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ಒಬ್ಬರ ಕೊನೇ ಪಾಳಿ. ಪ್ರೂಫ್ ಪ್ರಿಂಟರಿನಿಂದ ಅವರ ಬಗ್ಗೆಯೇ ಮಾಡಿದ ನಕಲಿ ಮುಖಪುಟ ಹೊರಬಂತು. ಶಾಲು, ಹಾರ ಎಲ್ಲ ಆಮೇಲೆ. ಪತ್ರಿಕೆಯವರಿಗೆ ಪತ್ರಿಕೆಯವರು ಕೊಡೋ ನಿಜವಾದ ಉಡುಗೊರೆ ಇದೇ.

ಸುಲಭ ಅಂದ್ಕೋಬೇಡಿ.
ಬ್ರಾಡ್‌ಶೀಟ್, ಅಂದ್ರೆ ದೊಡ್ಡ ಅಳತೆಯ ಪತ್ರಿಕೆಯ ಪುಟ ಸುಮಾರು 33 × 52 ಸೆಂ.ಮೀ. ಪ್ರಿಂಟರಿನ ಎ3 ಹಾಳೆ 29.7 × 42. ಕುಗ್ಗಿಸಿದರೆ 10 ಪಾಯಿಂಟ್ ಅಕ್ಷರ 8ಕ್ಕೆ ಇಳಿಯುತ್ತೆ. ಮೊದಲೇ 13ಕ್ಕೆ ಏರಿಸಿಡಿ.

ವಾಟ್ಸ್‌ಆ್ಯಪಿನಲ್ಲಿ ಬಂದ ಗೆಳೆಯರ ಸಾಲುಗಳು ಯೂನಿಕೋಡ್. ಯೂನಿಕೋಡ್ ಅಲ್ಲದ ಹಳೇ ‘ನುಡಿ’ ಫಾಂಟಿನ ಪುಟಕ್ಕೆ ಸೀದಾ ಅಂಟಿಸಿದರೆ ಬರೀ ಡಬ್ಬಿ. ಕನ್ವರ್ಟ್ ಮಾಡಿ, ಅರ್ಕಾವೊತ್ತು ಜಾಗದಲ್ಲಿದೆಯಾ ನೋಡಿ. ಹೆಸರನ್ನಂತೂ ಇಬ್ಬರು ಓದಲಿ. ದಪ್ಪಕ್ಷರದ ತಪ್ಪು ಯಾರ ಕಣ್ಣಿಗೂ ಬೀಳಲ್ಲ, ಇದಕ್ಕೆ ನಾಳೆ ತಿದ್ದುಪಡಿ ಹಾಕೋಕೂ ಆಗಲ್ಲ.

ಫೈಲು ಮಾತ್ರ ಆವೃತ್ತಿಯ ಫೋಲ್ಡರಿನಲ್ಲಿ ಬೇಡ. ಅಪ್ಪಿತಪ್ಪಿ ಮುದ್ರಣದ ಪ್ಲೇಟಿಗೆ ಹೋದರೆ ಬೀಳ್ಕೊಡುಗೆ ಇನ್ನೊಬ್ಬರಿಗೆ!

ಕೊಡೋದು ಸಿಟಿ ಪುಟ ಮುದ್ರಣಕ್ಕೆ ಬಿಟ್ಟ ಮೇಲೆ, ಮಧ್ಯರಾತ್ರಿ ದಾಟಿ. ಸಂಜೆ ಇಟ್ಟರೆ ಅರ್ಧ ಜನ ಕುರ್ಚಿಯಿಂದ ಏಳಲ್ಲ.

ಮಡಚಬೇಡಿ, ಸುರುಳಿ ಸುತ್ತಿ. ಮಡಿಕೆ ಸರಿಯಾಗಿ ಫೋಟೊದ ಮೂಗಿನ ಮೇಲೇ ಬೀಳುತ್ತೆ.