ಒಂದೇ ಹಾಳೆಯ ಸಿನಿಮಾ: ಮರದ ದೃಶ್ಯ ಮುಗಿಯಿತು

ನನ್ನ ಅನಿಮೇಷನ್‌ನಲ್ಲಿ ಎಲೆ ತುಂಬಿದ ಮರ ಬೋಳಾಗುವ ದೃಶ್ಯವನ್ನು ಕೊನೆಗೂ ಮುಗಿಸಿದೆ. ಎಲ್ಲವೂ ಇದ್ದಿಲಿನಲ್ಲಿ, ಒಂದೇ ಹಾಳೆಯ ಮೇಲೆ. ಪರದೆಯಲ್ಲಿ ಕೆಲವೇ ಸೆಕೆಂಡು ಓಡುತ್ತದೆ, ಆದರೂ ತುಂಬಾ ಖುಷಿಯಾಗಿದೆ.

ಈ ವಿಧಾನ ಕಲಿತದ್ದು ವಿಲಿಯಂ ಕೆಂಟ್ರಿಜ್ ಅವರಿಂದ. ಜೋಹಾನ್ಸ್‌ಬರ್ಗ್‌ನ ಈ ಕಲಾವಿದರು 1989ರಿಂದ ಇದ್ದಿಲಿನ ಚಿತ್ರಗಳಿಂದ ಕಿರುಚಿತ್ರ ಮಾಡುತ್ತಾ ಬಂದಿದ್ದಾರೆ. ಒಂದು ಚಿತ್ರ ಬಿಡಿಸುತ್ತಾರೆ, ಕ್ಯಾಮೆರಾದಲ್ಲಿ ಅದರ ಒಂದೆರಡು ಫ್ರೇಮ್ (ಸಿನಿಮಾದ ಒಂದೊಂದು ಫೋಟೊ) ತೆಗೆಯುತ್ತಾರೆ. ಅದೇ ಹಾಳೆಯಲ್ಲಿ ಸ್ವಲ್ಪ ಅಳಿಸಿ, ತಿದ್ದಿ, ಮತ್ತೆ ಕ್ಯಾಮೆರಾದ ಹತ್ತಿರ ಹೋಗುತ್ತಾರೆ. 1994ರ ‘ಫೆಲಿಕ್ಸ್ ಇನ್ ಎಕ್ಸೈಲ್’ ಎಂಟು ನಿಮಿಷಕ್ಕಿಂತ ಜಾಸ್ತಿ ಇದೆ. ಅದಕ್ಕೆ ಬಳಸಿದ್ದು 40 ಚಿತ್ರ ಮಾತ್ರ!

ಮ್ಯೂಸಿಯಂಗಳಲ್ಲಿ ಸಿನಿಮಾದ ಜೊತೆಗೆ ಆ ಹಾಳೆಗಳನ್ನೂ ಗೋಡೆಗೆ ಹಾಕುತ್ತಾರೆ. ನಾವು ನೋಡುವುದು ಆಯಾ ದೃಶ್ಯದ ಕೊನೆಯ ಸ್ಥಿತಿ. ಅದಕ್ಕಿಂತ ಮೊದಲು ನಡೆದದ್ದೆಲ್ಲ ಬೂದು ಕಲೆಯಾಗಿ ಅಲ್ಲೇ ಉಳಿದಿರುತ್ತದೆ. ನನ್ನ ಸಲಹೆ, ಸಿನಿಮಾ ಮೊದಲು ನೋಡಿ, ಆಮೇಲೆ ಹಾಳೆ. ಆಗ ಯಾವ ಕಲೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಕಣ್ಣಿಗೆ ಸ್ವಲ್ಪ ಸಮಯ ಕೊಡಿ. ಕಾಗದದ ಮೇಲಿನ ಕೃತಿಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕು ಇಡುತ್ತಾರೆ. ಇದ್ದಿಲು ಬರೀ ಕಾರ್ಬನ್, ಅದು ಮಾಸುವುದಿಲ್ಲ. ಬೆಳಕಿಗೆ ಹಾಳಾಗುವುದು ಕಾಗದ.

ನನ್ನ ಮರಕ್ಕೆ ವಿಲೋ ಮರದ ಕಡ್ಡಿಯ ಇದ್ದಿಲನ್ನೇ ಬಳಸಿದೆ. ಅಂಟು ಬೆರೆಸಿ ಒತ್ತಿ ಮಾಡಿದ ಇದ್ದಿಲು ಜಾಸ್ತಿ ಕಪ್ಪು, ಆದರೆ ಸುಲಭವಾಗಿ ಅಳಿಯುವುದಿಲ್ಲ. ಕಾಗದ ದಪ್ಪಗೆ, ತುಸು ತರಿತರಿಯಾಗಿರಬೇಕು. ನುಣುಪು ಹಾಳೆಯಲ್ಲಿ ಪುಡಿ ನಿಲ್ಲುವುದೇ ಇಲ್ಲ. ಅಳಿಸಲು ಹಿಟ್ಟಿನ ಹಾಗೆ ನಾದುವ ರಬ್ಬರ್. ಅದನ್ನು ಉಜ್ಜಬಾರದು, ಒತ್ತಿ ಎತ್ತಬೇಕು. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗಾಡದೆ ಇರಬೇಕು. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಮ್ಯಾನ್ಯುಯಲ್ ಆಗಿರಲಿ, ಇಲ್ಲದಿದ್ದರೆ ಬೆಳಕು ಮಿಣುಕುತ್ತದೆ. ಸೆಕೆಂಡಿಗೆ 24 ಫ್ರೇಮ್, ಪ್ರತಿ ಬದಲಾವಣೆಗೆ ಎರಡು. ಅಂದರೆ ಒಂದು ಸೆಕೆಂಡಿಗೆ 12 ಸಲ ಅಳಿಸಿ ಬಿಡಿಸಬೇಕು, ಅಲ್ವಾ?

ಉದುರಿದ ಎಲೆಗಳ ಕಲೆ ಕೊಂಬೆಗಳ ಸುತ್ತ ಮಂಜು ಕವಿದಂತೆ ನಿಂತಿದೆ. ಅದನ್ನು ಪೂರ್ತಿ ತೆಗೆಯಲು ನನಗೆ ಇಷ್ಟವಿಲ್ಲ. ಇಡೀ ದೃಶ್ಯದಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೇ.

ಮುಂದಿನದು ಹಕ್ಕಿ. ಇದೇ ಹಾಳೆಯಲ್ಲಿ ಎಡಗಡೆಯಿಂದ ಬಂದು ಕೊಂಬೆಯ ಮೇಲೆ ಕೂರಬೇಕು. ಎಡಗಡೆ ಕಲೆ ಕಡಿಮೆ, ರೆಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಅದು ಮುಗಿಯುವವರೆಗೆ ಫಿಕ್ಸೇಟಿವ್ ಸಿಂಪಡಿಸುವುದಿಲ್ಲ. ಒಮ್ಮೆ ಸಿಂಪಡಿಸಿದರೆ ಪುಡಿ ಕಾಗದಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಅಳಿಸುವುದು ಕಷ್ಟ.